ದಿನಕ್ಕೊಂದು ಡಾಲರಿನ ಮನೆ

ನ್ಯೂಜಿಲೆಂಡಿನಲ್ಲಿ ಓದುತ್ತಿರುವ ನಮ್ಮಂಥವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನವೆಂಬರ್ ಬಂತೆಂದರೆ ಒಂದು ಪದ ಓಡಾಡತೊಡಗುತ್ತದೆ: ‘ರಿಲೊಕೇಶನ್’. ಸಂಗತಿ ಸರಳ. ಪ್ರವಾಸಿಗರು ಒಂದೂರಿನಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು, ದೇಶ ಸುತ್ತಿ, ಇನ್ನೊಂದೂರಿನಲ್ಲಿ ಬಿಟ್ಟು ವಿಮಾನ ಹತ್ತುತ್ತಾರೆ. ಮುಂದಿನ ಗಿರಾಕಿ ಕಾಯುತ್ತಿರುವ ಊರಿಗೆ ಆ ಗಾಡಿ ಹೋಗಬೇಕು. ಸಂಬಳದ ಡ್ರೈವರನ್ನಿಟ್ಟು ಸಾಗಿಸುವ ಬದಲು ಬಾಡಿಗೆ ಕಂಪನಿಗಳು, ‘ಇಂಥ ದಿನದೊಳಗೆ ಇಂಥ ಊರಿಗೆ ಮುಟ್ಟಿಸಿ, ದಿನಕ್ಕೆ ಒಂದು ಡಾಲರ್ ಕೊಟ್ಟರೆ ಸಾಕು’ ಎಂದು ಪ್ರಕಟಿಸುತ್ತವೆ. ಇಲ್ಲಿನ ಒಂದು ಡಾಲರ್ ಎಂದರೆ ಹೆಚ್ಚೂಕಡಿಮೆ 50 ರೂಪಾಯಿ. ಬೇಸಿಗೆಯ ಭರಾಟೆಯಲ್ಲಿ ಇದೇ ಗಾಡಿಗೆ ಇನ್ನೂರು ಡಾಲರ್ ಮೀರಿದ ದಿನಬಾಡಿಗೆ ಇರುತ್ತದೆ. ಇಲ್ಲಿ ಬೇಸಿಗೆ ಎಂದರೆ ಡಿಸೆಂಬರಿನಿಂದ ಫೆಬ್ರುವರಿ ಎಂಬುದನ್ನೂ ಹೇಳಿಬಿಡುತ್ತೇನೆ.

ಒಂದು ಡಾಲರ್ ಎಂದ ಕೂಡಲೇ ಹಿಗ್ಗಬೇಡಿ. ಷರತ್ತುಗಳಿವೆ. ಹೆಚ್ಚಿನ ಕಡೆ ಓಡಿಸುವವರಿಗೆ 21 ವರ್ಷ ತುಂಬಿರಬೇಕು. ಠೇವಣಿ ಎಂದು ಕಾರ್ಡಿನಲ್ಲಿ ದೊಡ್ಡ ಮೊತ್ತ ಹಿಡಿದಿಡುತ್ತಾರೆ. ಗಾಡಿಗೆ ಗೀರು ಬಿದ್ದರೆ ಅದು ವಾಪಸ್ ಬರುವುದಿಲ್ಲ. ದಿನ ಇಷ್ಟೇ, ಕಿಲೋಮೀಟರ್ ಇಷ್ಟೇ ಎಂಬ ಮಿತಿ. ಡೀಸೆಲ್ ನಿಮ್ಮದೇ. ಇಲ್ಲಿ ಡೀಸೆಲ್ ಗಾಡಿಗಳು ಓಡಿದ ಕಿಲೋಮೀಟರಿಗೆ ತಕ್ಕಂತೆ ರಸ್ತೆ ಶುಲ್ಕವನ್ನೂ ಕಟ್ಟಬೇಕು, ಅದನ್ನು ಕೆಲವರು ನಮ್ಮ ತಲೆಗೇ ಹಾಕುತ್ತಾರೆ. ಓದದೆ ಸಹಿ ಹಾಕುವ ಅಭ್ಯಾಸ ಇದ್ದವರು ಇದರ ತಂಟೆಗೆ ಹೋಗದಿರುವುದೇ ಮೇಲು.

ನಾವು ಮೂವರು. ಸಾಗರ ತಾಲ್ಲೂಕಿನ ನಾನು, ಹಾಸನದ ಗೆಳೆಯ, ಕೊಟ್ಟಾಯಂನ ಗೆಳತಿ. ಮೂವರೂ ಕ್ರೈಸ್ಟ್‌ಚರ್ಚ್‌ನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿ ವೀಸಾದವರೂ ಪೂರ್ಣಾವಧಿ ಕೆಲಸ ಮಾಡಬಹುದು. ಕ್ರಾಮ್‌ವೆಲ್ ಎಂಬ ಊರಿನ ಚೆರ್‍ರಿ ತೋಟವೊಂದರಲ್ಲಿ ಹಣ್ಣು ಕೀಳುವ ಕೆಲಸ ಸಿಕ್ಕಿತ್ತು. ಅಲ್ಲಿಗೆ ಹೋಗುವುದು ಹೇಗೆ ಎಂದು ಬಸ್ಸಿನ ದರ ನೋಡುತ್ತಿರುವಾಗಲೇ ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನಿಗೆ ನಾಲ್ಕು ದಿನದ ಗಾಡಿ ಕಣ್ಣಿಗೆ ಬಿತ್ತು. ಕ್ರಾಮ್‌ವೆಲ್ ಅದೇ ದಾರಿಯಲ್ಲಿದೆ. ನೇರ ಹೋದರೆ ಸುಮಾರು 480 ಕಿಲೋಮೀಟರ್, ಒಂದೇ ದಿನದ ಹಾದಿ. ಅದನ್ನು ನಾಲ್ಕು ದಿನಕ್ಕೆ ಹಿಗ್ಗಿಸಿಕೊಂಡೆವು. ದಾರಿಯುದ್ದಕ್ಕೂ ಸರೋವರಗಳಿವೆ: ಟೆಕಾಪೊ, ಪುಕಾಕಿ, ಡನ್‌ಸ್ಟನ್, ಕೊನೆಗೆ ವಾಕಟಿಪು.

ಗಾಡಿ ಓಡಿಸುವ ಹೊಣೆ ಹಾಸನದವನದು. ಊರಲ್ಲಿ ಅಪ್ಪನ ಆಲೂಗಡ್ಡೆ ಪಿಕಪ್ ಓಡಿಸಿ ಕೈ ಪಳಗಿದ ಹುಡುಗ. ಇಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲೇ ಓಡಿಸುವುದು, ಹಾಗಾಗಿ ಆ ತಲೆನೋವಿಲ್ಲ. ಆದರೆ ಮೋಟರ್‌ಹೋಮ್ ಎಂದರೆ ಎತ್ತರದ ಡಬ್ಬಿ. ಬಯಲಿನಲ್ಲಿ ವಾಯವ್ಯದಿಂದ ಗಾಳಿ ಬೀಸಿದಾಗ ಯಾರೋ ಪಕ್ಕದಿಂದ ತಳ್ಳಿದ ಹಾಗಾಗುತ್ತದೆ. ಹೊಳೆಗಳ ಮೇಲೆ ಒಂದೇ ಗಾಡಿ ಹಿಡಿಸುವ ಸೇತುವೆಗಳಿವೆ; ಯಾರು ಮೊದಲು ದಾಟಬೇಕೆಂದು ಬಾಣದ ಗುರುತಿನ ಫಲಕ ಹೇಳುತ್ತದೆ, ಎಲ್ಲರೂ ಅದನ್ನು ಕೇಳುತ್ತಾರೆ. ಹಿಂದೆ ಕಾರುಗಳ ಸಾಲು ಬೆಳೆದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಹಾಸನದವನಿಗೆ ಇದು ಮೊದಮೊದಲು ಮಾನಹಾನಿ ಅನಿಸಿತ್ತು!

ಒಳಗೆ ಎರಡು ಹಾಸಿಗೆ, ಹಗಲು ಮೇಜು ಬೆಂಚು ಆಗಿ ರಾತ್ರಿ ಮಂಚವಾಗುವ ಮೂಲೆ, ಎರಡು ಉರಿಯ ಗ್ಯಾಸ್ ಒಲೆ, ಪುಟ್ಟ ಫ್ರಿಜ್, ತೊಟ್ಟಿಲಿನಷ್ಟು ಅಗಲದ ಬಚ್ಚಲು. ಅಕ್ಕಿ, ತೊಗರಿಬೇಳೆ, ಹುಳಿಪುಡಿ, ಉಪ್ಪಿನಕಾಯಿ ತುಂಬಿಕೊಂಡೆವು. ಒಂದು ಸಣ್ಣ ಕುಕ್ಕರ್ ಇದ್ದರೆ ಈ ದೇಶದಲ್ಲಿ ಅರ್ಧ ಖರ್ಚು ಉಳಿದ ಹಾಗೆ.

ಗಾಡಿಯ ಮುಂದಿನ ಗಾಜಿಗೆ ಒಂದು ಹಸಿರು ಚೀಟಿ ಅಂಟಿಸಿತ್ತು. ಈ ಪ್ರವಾಸದಲ್ಲಿ ಸರೋವರಗಳಷ್ಟೇ ತಲೆಯಲ್ಲಿ ಉಳಿದದ್ದು ಅದು. ಹತ್ತು–ಹದಿನೈದು ವರ್ಷದ ಹಿಂದೆ ಇಲ್ಲಿ ವ್ಯಾನಿನಲ್ಲಿ ಹಾಸಿಗೆ ಹಾಕಿಕೊಂಡು ಕಂಡಕಂಡ ಕೆರೆದಂಡೆಯಲ್ಲಿ ಮಲಗುವ ಪ್ರವಾಸಿಗರು ವಿಪರೀತವಾದರು. ಮರದ ಮರೆಯೇ ಶೌಚಾಲಯವಾಯಿತು. ಊರಿನವರು ರೊಚ್ಚಿಗೆದ್ದರು. 2011ರಲ್ಲಿ ಒಂದು ಕಾಯ್ದೆ ಬಂತು, 2023ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಈಗ ಬಯಲಿನಲ್ಲಿ ಪುಕ್ಕಟೆಯಾಗಿ ರಾತ್ರಿ ನಿಲ್ಲಿಸುವ ಜಾಗಗಳಲ್ಲಿ ಹೆಚ್ಚಿನವು ‘ಸೆಲ್ಫ್ ಕಂಟೈನ್ಡ್’ ಗಾಡಿಗಳಿಗೆ ಮಾತ್ರ. ಅಂದರೆ ಮೂರು ದಿನಕ್ಕೆ ಬೇಕಾದ ನೀರು ಗಾಡಿಯಲ್ಲೇ ಇರಬೇಕು, ಪಾತ್ರೆ ತೊಳೆದ ಕೊಳೆನೀರು ಗಾಡಿಯ ತೊಟ್ಟಿಯಲ್ಲೇ ನಿಲ್ಲಬೇಕು, ಒಳಗೇ ಕದಲದಂತೆ ಕೂರಿಸಿದ ಶೌಚಾಲಯ ಇರಬೇಕು. ಇವೆಲ್ಲ ಇದೆ ಎಂಬುದಕ್ಕೆ ಸಾಕ್ಷಿ ಆ ಹಸಿರು ಚೀಟಿ. ಇಲ್ಲದವರಿಗೆ ನೂರಾರು ಡಾಲರ್ ದಂಡ ಬೀಳುತ್ತದೆ.

ನಮ್ಮ ತೊಟ್ಟಿಗೆ 80 ಲೀಟರ್ ನೀರು. ಮೂವರಿಗೆ. ಹಾಸ್ಟೆಲಿನಲ್ಲಿ ಬೆಳಗಿನ ಒಂದು ಸ್ನಾನಕ್ಕೆ ಇಷ್ಟು ನೀರು ಹರಿಸುತ್ತಿದ್ದೆನೋ ಏನೋ. ಗೋಡೆಯ ಮೇಲೆ ನಾಲ್ಕು ಪುಟ್ಟ ದೀಪಗಳಿರುತ್ತವೆ. ಒಳ್ಳೆಯ ನೀರು ಇಳಿಯುತ್ತ ಹೋದ ಹಾಗೆ ಅವು ಒಂದೊಂದಾಗಿ ಆರುತ್ತವೆ. ಪಕ್ಕದಲ್ಲಿ ಕೊಳೆನೀರಿನ ದೀಪಗಳು ಒಂದೊಂದಾಗಿ ಹತ್ತುತ್ತವೆ. ಅನ್ನ ಬಸಿದ ಗಂಜಿಯನ್ನು ಚೆಲ್ಲಲು ಯೋಚಿಸುವ ಹಾಗಾಗಿ ಕೊನೆಗೆ ಉಪ್ಪು ಹಾಕಿ ಕುಡಿದೆವು. ತೊಟ್ಟಿ ತುಂಬಿದಾಗ ‘ಡಂಪ್ ಸ್ಟೇಷನ್’ ಎಂಬಲ್ಲಿಗೆ ಹೋಗಿ, ಕೊಳೆನೀರನ್ನು ಪೈಪಿನಲ್ಲಿ ಬಿಟ್ಟು, ಶೌಚಾಲಯದ ಡಬ್ಬಿಯನ್ನು ಕೈಯಾರೆ ಎಳೆದು ಸುರಿದು ತೊಳೆಯಬೇಕು. ಹೆಚ್ಚಿನ ಊರುಗಳಲ್ಲಿ ಇದಕ್ಕೆ ಕಾಸಿಲ್ಲ. ಯಾರ ಸರದಿ ಎಂದು ಚೀಟಿ ಎತ್ತಿದೆವು. ಮೊದಲ ದಿನ ಕೊಟ್ಟಾಯಂನವಳು, ಎರಡನೆಯ ಸಲ ನಾನು. ಮೂಗಿಗೆ ದುಪಟ್ಟಾ ಬಿಗಿದುಕೊಂಡು ಅದನ್ನು ತೊಳೆಯುವಾಗ, ಊರಿನಲ್ಲಿ ಈ ಕೆಲಸವನ್ನು ಯಾರಿಂದ ಮಾಡಿಸುತ್ತೇವೆ, ಅವರನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬ ಯೋಚನೆ ಬಾರದೆ ಇರುವುದಿಲ್ಲ. ಪಕ್ಕದಲ್ಲಿ ನಿವೃತ್ತ ದಂಪತಿ ನಿಂತಿದ್ದರು, ಸಾಲಿನಲ್ಲಿ. ಅವರದು ನಮ್ಮದಕ್ಕಿಂತ ಹತ್ತು ಪಟ್ಟು ಬೆಲೆಯ ಗಾಡಿ. ಆ ಯಜಮಾನರೂ ಕೈಗವಸು ಹಾಕಿಕೊಂಡು ತಮ್ಮ ಡಬ್ಬಿ ತಾವೇ ಹಿಡಿದಿದ್ದರು.

ಇದನ್ನು ಫೋನಿನಲ್ಲಿ ಹೇಳಿದಾಗ ಊರಿನಿಂದ ಅಜ್ಜಿ ಕೇಳಿದ್ದು ಒಂದೇ ಮಾತು: “ಅಲ್ವೇ ಕೂಸೇ, ಉಣ್ಣೋ ಜಾಗದಾಗೆ ಅದನ್ನೂ ಇಟ್ಕಂಡು ತಿರುಗ್ತೀಯಾ?”

ಮೊದಲ ರಾತ್ರಿ ಟೆಕಾಪೊ. ಕ್ರೈಸ್ಟ್‌ಚರ್ಚ್‌ನಿಂದ ಮೂರು ತಾಸಿನ ದಾರಿ. ಹಸಿರು ಬಯಲು ಮುಗಿದು, ಬರ್ಕ್ಸ್ ಪಾಸ್ ಎಂಬ ಕಣಿವೆ ದಾಟಿದರೆ ಹುಲ್ಲು ಒಮ್ಮೆಲೇ ಒಣಗಿ ಹಳದಿಯಾಗುತ್ತದೆ. ಇದು ಮೆಕೆಂಜಿ ಪ್ರದೇಶ. ಕುರಿ ಕದ್ದು ಈ ಗುಟ್ಟಿನ ಬಯಲಿಗೆ ಹೊಡೆದುಕೊಂಡು ಬಂದಿದ್ದ ಎಂಬ ಆರೋಪದ ಮೇಲೆ 1855ರಲ್ಲಿ ಸಿಕ್ಕಿಬಿದ್ದ ಜೇಮ್ಸ್ ಮೆಕೆಂಜಿಯ ಹೆಸರನ್ನೇ ನಾಡಿಗೆ ಇಟ್ಟಿದ್ದಾರೆ. ಕಳ್ಳನ ಹೆಸರಿನ ತಾಲ್ಲೂಕು ನಮ್ಮಲ್ಲಿ ಎಲ್ಲೂ ಇದ್ದಂತಿಲ್ಲ. ರಸ್ತೆ ಒಂದು ದಿಬ್ಬ ಇಳಿಯುತ್ತದೆ, ಎದುರಿಗೆ ಟೆಕಾಪೊ. ಆ ನೀರಿನ ಬಣ್ಣವನ್ನು ಫೋಟೊದಲ್ಲಿ ನೋಡಿದಾಗ ಯಾರೋ ಫಿಲ್ಟರ್ ಹಾಕಿದ್ದಾರೆ ಎಂದುಕೊಂಡಿದ್ದೆ. ಇಲ್ಲ, ಅದು ಹಾಗೇ ಇದೆ, ಹಾಲು ಬೆರೆಸಿದ ನೀಲಿ. ಮೇಲಿನ ಹಿಮನದಿಗಳು ಬೀಸುಕಲ್ಲಿನ ಹಾಗೆ ಬಂಡೆಯನ್ನು ಅರೆಯುತ್ತವೆ. ಆ ಕಲ್ಲಿನ ಹಿಟ್ಟು ಎಷ್ಟು ನಯ ಎಂದರೆ ತಳಕ್ಕೆ ಇಳಿಯದೆ ನೀರಿನಲ್ಲೇ ತೇಲುತ್ತದೆ, ಬಿಸಿಲನ್ನು ನೀಲಿ–ಹಸಿರಾಗಿ ಚದುರಿಸುತ್ತದೆ.

ದಂಡೆಯಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಚರ್ಚ್ ಇದೆ. ಸುತ್ತ ನೇರಳೆ, ಗುಲಾಬಿ ಬಣ್ಣದ ಲೂಪಿನ್ ಹೂಗಳ ರಾಶಿ. ಜನ ಅದರೊಳಗೆ ಕೂತು, ಮಲಗಿ, ಹಾರಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಆದರೆ ಲೂಪಿನ್ ಇಲ್ಲಿನದಲ್ಲ, ಹೊರಗಿನಿಂದ ತಂದದ್ದು. ನಮ್ಮ ಲಂಟಾನದ ಹಾಗೆ ಅಂದಕ್ಕೆಂದು ಬಂದು ಹಬ್ಬಿದ ಕಳೆ. ಕಲ್ಲುಹಾಸಿನ ನದೀಪಾತ್ರಗಳಲ್ಲಿ ನೆಲದ ಮೇಲೇ ಮೊಟ್ಟೆ ಇಡುವ, ಅಳಿವಿನಂಚಿನಲ್ಲಿರುವ ‘ಕಕಿ’ ಎಂಬ ಕಪ್ಪು ಹಕ್ಕಿಗೆ ಇದು ಜಾಗವನ್ನೇ ಬಿಡುತ್ತಿಲ್ಲ.

ಟೆಕಾಪೊದಲ್ಲಿ ದುಡ್ಡು ಕೊಟ್ಟು ನಿಲ್ಲುವ ಹಾಲಿಡೇ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿ, ಕರೆಂಟಿಗೆ ಪ್ಲಗ್ ಚುಚ್ಚಿಕೊಂಡೆವು. ರಾತ್ರಿ ಒಂಬತ್ತಾದರೂ ಬೆಳಕು. ಹನ್ನೊಂದರ ಹೊತ್ತಿಗೆ ಹೊರಗೆ ಬಂದರೆ ಬೀದಿದೀಪಗಳೆಲ್ಲ ತಲೆತಗ್ಗಿಸಿ ನೆಲವನ್ನಷ್ಟೇ ನೋಡುತ್ತಿವೆ. ಮೇಲಿನ ಮೌಂಟ್ ಜಾನ್ ಗುಡ್ಡದಲ್ಲಿ 1965ರಿಂದ ಖಗೋಳ ವೀಕ್ಷಣಾಲಯವಿದೆ. ಅದಕ್ಕೆ ತೊಂದರೆಯಾಗದಿರಲೆಂದು 1980ರ ದಶಕದಿಂದಲೇ ಇಲ್ಲಿ ದೀಪಗಳಿಗೆ ಕಟ್ಟುಪಾಡು. 2012ರಲ್ಲಿ 4,300 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶವನ್ನು ‘ಕತ್ತಲಾಕಾಶ ಮೀಸಲು’ ಎಂದು ಘೋಷಿಸಿದರು. ಕತ್ತಲನ್ನೂ ಕಾಯ್ದಿರಿಸಬಹುದು ಎಂಬುದು ನನಗೆ ಹೊಸದು. ಮಹಾವ್ಯಾಧ ತಲೆಕೆಳಗಾಗಿ ನಿಂತಿದ್ದ. ದಕ್ಷಿಣದಲ್ಲಿ ಮೆಗೆಲನ್ ಮೋಡಗಳು, ಆಕಾಶಕ್ಕೆ ಯಾರೋ ಸುಣ್ಣ ಬಳಿದ ಎರಡು ಗುರುತು. ಅವು ಮೋಡಗಳಲ್ಲ, ಪಕ್ಕದ ಗೆಲಾಕ್ಸಿಗಳು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ಮೂವರಲ್ಲಿ ಒಬ್ಬರೂ ಒಳಗೆ ಹೋಗೋಣ ಅನ್ನಲಿಲ್ಲ.

ಮರುದಿನ ಕಾಲುವೆಯ ಪಕ್ಕ ಹೊರಟಾಗ ನನ್ನೊಳಗಿನ ಸಾಗರದವಳು ಎದ್ದು ಕೂತಳು. ಏಕೆಂದರೆ ಈ ಚೆಲುವೆಲ್ಲ ಒಂದು ಜಲವಿದ್ಯುತ್ ಯೋಜನೆ. ಟೆಕಾಪೊದ ನೀರು ಸುಮಾರು 25 ಕಿಲೋಮೀಟರ್ ಕಾಲುವೆಯಲ್ಲಿ ಹರಿದು ಪುಕಾಕಿಗೆ ಬೀಳುತ್ತದೆ, ಬೀಳುವಾಗ ಕರೆಂಟ್. ಅಲ್ಲಿಂದ ಮುಂದೆ ಇನ್ನೊಂದು ಕಾಲುವೆ, ಇನ್ನೊಂದು ಕೇಂದ್ರ. ವೈಟಾಕಿ ಎಂಬ ಈ ಸರಣಿಯಲ್ಲಿ ಒಟ್ಟು ಎಂಟು ವಿದ್ಯುತ್ ಕೇಂದ್ರಗಳಿವೆ. ಕಾಲುವೆಯ ತಣ್ಣೀರಿನಲ್ಲಿ ಬಲೆಗೂಡು ಹಾಕಿ ಸಾಲ್ಮನ್ ಮೀನನ್ನೂ ಸಾಕುತ್ತಾರೆ. ಪುಕಾಕಿಯ ಕ್ಯಾಲೆಂಡರ್ ಚಿತ್ರವನ್ನು ನೀವೂ ನೋಡಿರುತ್ತೀರಿ, ನೀಲಿ ನೀರಿನ ತುದಿಯಲ್ಲಿ 3,724 ಮೀಟರ್ ಎತ್ತರದ ಅಓರಾಕಿ ಶಿಖರ. ಆ ನೀರಿನ ಮಟ್ಟವನ್ನು ಎರಡು ಸಲ ಎತ್ತರಿಸಿದ್ದಾರೆ, ಒಟ್ಟು 40 ಮೀಟರಿಗೂ ಹೆಚ್ಚು. ಮೂಲ ಸರೋವರದ ನಡುವೆ ಇದ್ದ ದ್ವೀಪ ಈಗ ನೀರಿನಡಿಯಲ್ಲಿದೆ. ‘ಪ್ರಕೃತಿ ಎಷ್ಟು ಮುಟ್ಟದೆ ಉಳಿದಿದೆ ನೋಡಿ’ ಎಂದು ರೀಲ್ಸ್ ಮಾಡುವವರು ಹೆಚ್ಚಾಗಿ ನಿಲ್ಲುವುದು ಆ ಅಣೆಕಟ್ಟೆಯ ಮೇಲೇ.

ಪುಕಾಕಿಯ ದಂಡೆ ಹಿಡಿದು 55 ಕಿಲೋಮೀಟರ್ ಹೋದರೆ ಅಓರಾಕಿಯ ಬುಡ. ಎಡ್ಮಂಡ್ ಹಿಲರಿ ಎವರೆಸ್ಟಿಗೆ ಮೊದಲು ಪಳಗಿದ್ದು ಇಲ್ಲಿ. ಅರಣ್ಯ–ವನ್ಯಜೀವಿಗಳ ಹೊಣೆ ಹೊತ್ತ ಸರ್ಕಾರಿ ಇಲಾಖೆಯೇ ಕಣಿವೆಯಲ್ಲಿ ಕ್ಯಾಂಪ್ ಮೈದಾನ ನಡೆಸುತ್ತದೆ, ಎರಡನೆಯ ರಾತ್ರಿ ಅಲ್ಲಿ. ಪಕ್ಕದ ಟಾಸ್ಮನ್ ಹಿಮನದಿಯನ್ನು ನೋಡಲು ಮೆಟ್ಟಿಲು ಹತ್ತಿದೆವು. ನಡುವೆ ‘ಬ್ಲೂ ಲೇಕ್ಸ್’ ಎಂಬ ಫಲಕ. ನೋಡಿದರೆ ಹೊಂಡಗಳು ಹಸಿರು. ಒಂದು ಕಾಲಕ್ಕೆ ಹಿಮನದಿಯ ನೀರು ಬಂದು ನೀಲಿಯಾಗಿದ್ದವಂತೆ. ಹಿಮನದಿ ಕುಗ್ಗಿದ ಮೇಲೆ ಮಳೆನೀರೇ ಗತಿ, ಪಾಚಿ ಕಟ್ಟಿ ಹಸಿರಾದವು. ಹೆಸರು ಮಾತ್ರ ನೀಲಿ. ಮೇಲೆ ಹತ್ತಿದರೆ ಬೂದು ಬಣ್ಣದ ದೊಡ್ಡ ಸರೋವರ, ಅದರಲ್ಲಿ ತೇಲುವ ಮಂಜಿನ ಗಡ್ಡೆಗಳು. 1970ರ ದಶಕದ ಆರಂಭದಲ್ಲಿ ಈ ಸರೋವರವೇ ಇರಲಿಲ್ಲ. ನನ್ನ ಅಮ್ಮನಿಗಿಂತ ಚಿಕ್ಕ ವಯಸ್ಸಿನದು! ಹಿಮನದಿ ಕರಗಿ ಹಿಂದೆ ಸರಿದಷ್ಟೂ ಸರೋವರ ಉದ್ದವಾಗುತ್ತಿದೆ, ಈಗ ಏಳು ಕಿಲೋಮೀಟರಿಗೂ ಹೆಚ್ಚು. ನಾವು ನಿಂತಿದ್ದಾಗಲೇ ಎಲ್ಲೋ ಗುಡುಗಿದ ಸದ್ದಾಯಿತು, ಆಕಾಶ ಶುಭ್ರವಿತ್ತು.

ವಾಪಸ್ ಬರುವಾಗ ಟ್ವೈಜಲ್ ಎಂಬ ಊರಿನಲ್ಲಿ ತರಕಾರಿಗೆ ನಿಂತೆವು. 1968ರಲ್ಲಿ ಅಣೆಕಟ್ಟೆ ಕೆಲಸಗಾರರಿಗಾಗಿ ಕಟ್ಟಿದ ತಾತ್ಕಾಲಿಕ ಊರು, ಕಾಮಗಾರಿ ಮುಗಿದ ಮೇಲೆ ಕಿತ್ತುಹಾಕಬೇಕಿತ್ತು. ಜನ ಹಠ ಹಿಡಿದು ಉಳಿಸಿಕೊಂಡರು. ನಮ್ಮ ಕಾರ್ಗಲ್ ಕಾಲೊನಿಯ ಅಣ್ಣತಮ್ಮನಂತೆ ಕಂಡಿತು. ಅಲ್ಲಿಂದ 971 ಮೀಟರ್ ಎತ್ತರದ ಲಿಂಡಿಸ್ ಪಾಸ್. ಮರವೇ ಇಲ್ಲದ, ಹುಲ್ಲಿನ ಕಂದು ಬೆಟ್ಟಗಳು ಮಲಗಿದ ಒಂಟೆಗಳ ಹಾಗೆ. ಅದನ್ನಿಳಿದರೆ ದ್ರಾಕ್ಷಿ ತೋಟ, ಚೆರ್‍ರಿ ತೋಟ, ಡನ್‌ಸ್ಟನ್ ಸರೋವರ, ಅದರ ದಡದಲ್ಲಿ ಕ್ರಾಮ್‌ವೆಲ್.

ಮೂರನೆಯ ರಾತ್ರಿ ಡನ್‌ಸ್ಟನ್ ದಂಡೆಯ ಲೋಬರ್ನ್ ಎಂಬಲ್ಲಿ, ಹಸಿರು ಚೀಟಿಯ ಬಲದಿಂದ ಪುಕ್ಕಟೆ. ಬಾಗಿಲು ತೆರೆದರೆ ಹತ್ತು ಹೆಜ್ಜೆಗೆ ನೀರು. ಬಾತುಕೋಳಿಗಳು ಬಂದು ಚಕ್ರದ ಸುತ್ತ ಓಡಾಡಿದವು. ಗೆಳತಿ ಚಹಾ ಇಟ್ಟಳು. ಅಷ್ಟು ಹೊತ್ತಿಗೆ ನಾನು ಹಳೆಯ ಕ್ರಾಮ್‌ವೆಲ್ ನೋಡಿ ಬಂದಿದ್ದೆ, ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಡನ್‌ಸ್ಟನ್ ನಿಜವಾದ ಸರೋವರವಲ್ಲ. ಕ್ಲೂಥಾ ನದಿಗೆ ಕ್ಲೈಡ್ ಎಂಬಲ್ಲಿ ಕಟ್ಟಿದ ಅಣೆಕಟ್ಟೆಯ ಹಿನ್ನೀರು. 1992ರಿಂದ 1993ರವರೆಗೆ ತುಂಬಿತು. ಕ್ರಾಮ್‌ವೆಲ್ ಚಿನ್ನದ ಅಗೆತದ ಕಾಲದಲ್ಲಿ, 1860ರ ದಶಕದಲ್ಲಿ, ಎರಡು ನದಿಗಳು ಕೂಡುವ ಜಾಗದಲ್ಲಿ ಹುಟ್ಟಿದ ಊರು. ಸಂಗಮ, ಹಳೆಯ ಸೇತುವೆಯ ಜಾಗ, ಪೇಟೆಬೀದಿಯ ಕೆಳಗಿನ ಭಾಗ, ಕೆಳಗಿನ ಕಣಿವೆಯ ಏಪ್ರಿಕಾಟ್ ತೋಟಗಳು ಎಲ್ಲ ಮುಳುಗಿದವು. ಕೆಲವು ಕಟ್ಟಡಗಳನ್ನು ಬಿಚ್ಚಿ ತಂದು ನೀರಿನ ಅಂಚಿಗೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಈಗ ಅಲ್ಲಿ ಕಾಫಿ ಅಂಗಡಿ, ಕಲಾಕೃತಿಗಳ ಮಳಿಗೆ. ಬೀದಿ ಚೆಂದಗೆ ಇಳಿಯುತ್ತ ಹೋಗಿ ಥಟ್ಟನೆ ನೀರಿಗೆ ನಿಲ್ಲುತ್ತದೆ.

ಅದರ ಕಥೆ ಕೇಳಿ. ಇಷ್ಟು ಎತ್ತರದ ಅಣೆಕಟ್ಟೆ ಬೇಕು ಎನ್ನಲು ಕೊಟ್ಟ ದೊಡ್ಡ ಕಾರಣ, ಕರಾವಳಿಯ ಅರಮೋನಾ ಎಂಬಲ್ಲಿ ಬರಲಿದ್ದ ಅಲ್ಯೂಮಿನಿಯಂ ಕಾರ್ಖಾನೆಗೆ ಕರೆಂಟ್ ಬೇಕು ಎಂಬುದು. ಊರಿನವರು, ತೋಟದವರು ವಿರೋಧಿಸಿದರು. ನೀರಿನ ಹಕ್ಕಿಗೆ ಕಾನೂನಿನ ತೊಡಕು ಎದುರಾದಾಗ 1982ರಲ್ಲಿ ಸರ್ಕಾರ ವಿಶೇಷ ಕಾಯ್ದೆಯನ್ನೇ ತಂದು ದಾರಿ ಮಾಡಿಕೊಂಡಿತು. ಕಾರ್ಖಾನೆ ಮಾತ್ರ ಬರಲೇ ಇಲ್ಲ. ಅಣೆಕಟ್ಟೆ ಬಂತು, ನೀರು ಬಂತು.

ನನ್ನ ಅಜ್ಜಿ ಮದುವೆಯಾಗಿ ಹೋದ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. 1964ರಲ್ಲಿ ಶರಾವತಿಗೆ ಅಣೆಕಟ್ಟೆ ನಿಂತಾಗ ಅವಳಿಗೆ ಹದಿನೇಳು. ಅಡಿಕೆ ತೋಟ, ಗದ್ದೆ, ಚೌಡಿಬನ ಬಿಟ್ಟು, ದನ ಮತ್ತು ಒರಳುಕಲ್ಲಿನ ಸಮೇತ ಲಾರಿ ಹತ್ತಿದವರನ್ನು ಕಾಡಿನಲ್ಲಿ ಇಳಿಸಿದರು. ಹೀಗೆ ಎದ್ದ ಸಾವಿರಾರು ಕುಟುಂಬಗಳಿವೆ. ಅವರ ನೀರಿನಿಂದ ರಾಜ್ಯಕ್ಕೆ ಬೆಳಕು ಹರಿಯಿತು, ಎಷ್ಟೋ ಮನೆಗಳಲ್ಲಿ ಮಾತ್ರ ವರ್ಷಗಟ್ಟಲೆ ಚಿಮಣಿ ಬುಡ್ಡಿ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಇಳಿಸಿದ ನೆಲ ಕಾಗದದಲ್ಲಿ ಇನ್ನೂ ಅರಣ್ಯ. ನಮ್ಮ ಮನೆಯ ಹಕ್ಕುಪತ್ರದ ಕಡತ ಮೂರು ತಲೆಮಾರು ಕಂಡಿದೆ. ಹಿನ್ನೀರಿನಾಚೆಯ ತುಮರಿ ಕಡೆಯ ನೆಂಟರು ಇತ್ತೀಚಿನವರೆಗೂ ಲಾಂಚ್ ತಪ್ಪಿದರೆ ಆಸ್ಪತ್ರೆಯೂ ತಪ್ಪಿದ ಹಾಗೆ ಎಂದು ಬದುಕಿದವರು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನನ್ನ ಉದ್ದೇಶವಲ್ಲ. ಕ್ರಾಮ್‌ವೆಲ್‌ನವರಿಗೆ ಮೇಲೆ ಹೊಸ ಪೇಟೆ ಕಟ್ಟಿಕೊಟ್ಟರು, ಹಳೆಯ ಪೇಟೆಯ ಚಿತ್ರಗಳನ್ನು ಮ್ಯೂಸಿಯಮ್ಮಿನಲ್ಲಿಟ್ಟರು, ಮುಳುಗಿದ್ದು ಏನು ಎಂದು ದಡದ ಫಲಕದಲ್ಲಿ ಬರೆದರು. ಇದೇ ನೆಲದ ಮೂಲನಿವಾಸಿ ನಾಯ್ ಟಾಹು ಜನರಿಂದ ಭೂಮಿ ಕಿತ್ತುಕೊಂಡ ತಪ್ಪಿಗೆ 1998ರಲ್ಲಿ ಕಾಯ್ದೆಯ ಮೂಲಕವೇ ಕ್ಷಮೆ ಕೇಳಿ, ಅಓರಾಕಿಯ ಹೆಸರನ್ನು ಅಧಿಕೃತವಾಗಿ ಮರಳಿಸಿದರು. ಕಳೆದದ್ದು ಇದರಿಂದ ವಾಪಸ್ ಬರುವುದಿಲ್ಲ. ಆದರೂ ಹಿನ್ನೀರಿನ ದಂಡೆಯಲ್ಲಿ ಸೆಲ್ಫಿ ತೆಗೆಯುವ ಹುಡುಗ ತಲೆ ಎತ್ತಿದರೆ ಓದಲು ಒಂದು ಫಲಕ ಇದೆ. ನಮ್ಮ ಹೊಳೆಬಾಗಿಲಿನಲ್ಲಿ ಅದೂ ಕಂಡ ನೆನಪಿಲ್ಲ.

ಆ ರಾತ್ರಿ ವಿಡಿಯೊ ಕಾಲ್ ಮಾಡಿ ನೀರಿಗೆ ನಿಂತ ಬೀದಿಯ ಫೋಟೊ ತೋರಿಸಿದೆ. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದಳು.

“ಬೇಸ್ಗೇಲಿ ನೀರು ಇಳ್ದಾಗ ಕಾಣ್ತದಾ ಅವ್ರ ಊರು?”

ಲಿಂಗನಮಕ್ಕಿ ತಗ್ಗಿದಾಗ ಅದರೊಳಗೆ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಬರುತ್ತದೆ, ಅಲ್ಲಲ್ಲಿ ಹಳೆಯ ರಸ್ತೆಗಳೂ. ಅಜ್ಜಿಗೆ ಅದೇ ಲೆಕ್ಕ. ಡನ್‌ಸ್ಟನ್ ಹಾಗಲ್ಲ, ಬಂದಷ್ಟು ನೀರನ್ನು ಮುಂದೆ ಬಿಡುತ್ತ ಮಟ್ಟವನ್ನು ವರ್ಷವಿಡೀ ಹೆಚ್ಚೂಕಡಿಮೆ ಒಂದೇ ಕಡೆ ಇಡುತ್ತಾರೆ.

“ಇಲ್ಲ ಅಜ್ಜಿ, ಇಲ್ಲಿ ಇಳಿಯೋದೇ ಇಲ್ಲ.”

“ಪಾಪ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನಮ್ದೇ ವಾಸಿ ಹಂಗಾರೆ. ವರ್ಷಕ್ಕೊಂದ್ಸಲನಾದ್ರೂ ಬಾವಿಕಟ್ಟೆ ಕಾಣ್ತಿತ್ತು.”

ಹಾಸನದವನು ಪಾತ್ರೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿ ಕೇಳಿಸಿಕೊಂಡ. ಅವನ ಜಿಲ್ಲೆಯಲ್ಲೂ ಹೇಮಾವತಿ ಹಿನ್ನೀರಿದೆ, ಶೆಟ್ಟಿಹಳ್ಳಿಯ ಮುರುಕು ಚರ್ಚ್ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ನಾವೆಲ್ಲ ಅದರ ಮುಂದೆ ಫೋಟೊ ತೆಗೆಸಿಕೊಂಡವರೇ. ಸುತ್ತಲಿನ ಊರುಗಳ ಹೆಸರು ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಊರಿನಲ್ಲಿ ಗೆಳೆಯರು ಕೇಳುತ್ತಾರೆ, ಇಂಥ ಗಾಡಿ ನಮ್ಮಲ್ಲೂ ಬಂದರೆ ಹೇಗೆ ಎಂದು. ಬಂದಿವೆ. ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸದ ನೀತಿ ತಂದಿತು, ನಮ್ಮ ರಾಜ್ಯದಲ್ಲೂ ಕ್ಯಾರವಾನ್‌ಗಳು ಬಾಡಿಗೆಗೆ ಸಿಗುತ್ತವೆ. ಬರಲಿ, ಸಂತೋಷ. ಆದರೆ ಗಾಡಿ ತರುವುದು ಸುಲಭದ ಭಾಗ. ಹಿನ್ನೀರಿನ ದಂಡೆಗಳಲ್ಲಿ ಈಗಲೇ ವಾರಾಂತ್ಯದ ಬಾಟಲಿ, ಪ್ಲಾಸ್ಟಿಕ್ ತಟ್ಟೆಗಳ ರಾಶಿ ನೋಡುತ್ತಿದ್ದೇವೆ. ತೊಟ್ಟಿ ಖಾಲಿ ಮಾಡುವ ಜಾಗ ಮೊದಲು ಬರಬೇಕು, ಗಾಡಿ ಆಮೇಲೆ. ಅದನ್ನು ಖಾಲಿ ಮಾಡುವ ಕೈ ಗಾಡಿಯಲ್ಲಿ ಮಲಗಿದವರದೇ ಆಗಿರಬೇಕು. ಇನ್ನೊಂದು ಮಾತು, ಇಲ್ಲಿ ಒಂದು ಸರೋವರದಲ್ಲಿ ಈಜಿದ ಬಟ್ಟೆ, ಆಡಿಸಿದ ದೋಣಿಯನ್ನು ತೊಳೆದು ಒಣಗಿಸದೆ ಮತ್ತೊಂದಕ್ಕೆ ಇಳಿಸಬಾರದು. ಡಿಡಿಮೊ ಎಂಬ ಪಾಚಿ 2004ರಲ್ಲಿ ದಕ್ಷಿಣ ದ್ವೀಪದ ಒಂದು ನದಿಯಲ್ಲಿ ಕಂಡು, ಹೀಗೇ ಅಂಟಿಕೊಂಡು ಊರೂರು ಹಬ್ಬಿತು. ಪ್ರತಿ ದಂಡೆಯಲ್ಲಿ ‘ನೋಡಿ, ತೊಳೆಯಿರಿ, ಒಣಗಿಸಿ’ ಎಂಬ ಫಲಕವಿದೆ. ಹಾಸನದವನು ಒದ್ದೆ ಚಡ್ಡಿಯನ್ನು ಗಾಡಿಯ ಕನ್ನಡಿಗೆ ಸಿಕ್ಕಿಸಿಕೊಂಡೇ ಮೂರು ಜಿಲ್ಲೆ ದಾಟಿದ.

ಕೊನೆಯ ದಿನ ಕವಾರೌ ಕಣಿವೆಯಲ್ಲಿ ಒಂದು ತಾಸಿನ ದಾರಿ, ಕ್ವೀನ್ಸ್‌ಟೌನ್, ವಾಕಟಿಪು. ಇದು 80 ಕಿಲೋಮೀಟರ್ ಉದ್ದದ, ಅಂಕುಡೊಂಕಿನ ನಿಜವಾದ ಸರೋವರ. ಅರ್ಧ ಗಂಟೆಗೂ ಕಡಿಮೆ ಅವಧಿಗೊಮ್ಮೆ ಇದರ ನೀರು ಕೆಲವು ಅಂಗುಲ ಏರಿ ಇಳಿಯುತ್ತದೆ. ತಳದಲ್ಲಿ ಮಲಗಿರುವ ರಾಕ್ಷಸನ ಎದೆಬಡಿತ ಅದು ಎಂದು ಮಾವೊರಿ ಕಥೆ. ಉದ್ದನೆಯ ಪಾತ್ರೆಯಲ್ಲಿ ನೀರು ತುಳುಕಾಡುವ ಹಾಗೆ ಎಂದು ವಿಜ್ಞಾನ. ಪೇಟೆಯ ಗಲಾಟೆಯಲ್ಲಿ ನಮಗೆ ಎರಡೂ ಗೊತ್ತಾಗಲಿಲ್ಲ.

ಗಾಡಿ ಒಪ್ಪಿಸುವಾಗ ಕಂಪನಿಯ ಹುಡುಗಿ ಮೊದಲು ನೋಡಿದ್ದು ಗೀರುಗಳನ್ನಲ್ಲ, ಕೊಳೆತೊಟ್ಟಿ ಖಾಲಿಯಾಗಿದೆಯೇ ಎಂದು. ಆಗಿತ್ತು, ಹಾಸನದವನ ಸರದಿ. ಠೇವಣಿ ವಾಪಸ್ ಬಂತು. ಬಾಡಿಗೆ ನಾಲ್ಕು ಡಾಲರ್, ಡೀಸೆಲ್, ಎರಡು ರಾತ್ರಿಯ ಜಾಗದ ಶುಲ್ಕ, ದಿನಸಿ ಎಲ್ಲ ಸೇರಿ ತಲೆಗೆ 110 ಡಾಲರ್ ಚಿಲ್ಲರೆ. ಚೆರ್‍ರಿ ತೋಟದಲ್ಲಿ ಕೂಲಿ ಕಿತ್ತ ಬಕೆಟಿನ ಲೆಕ್ಕ. ಆದರೆ ಎಷ್ಟೇ ಕಡಿಮೆ ಕಿತ್ತರೂ ಕಾನೂನಿನ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವ ಹಾಗಿಲ್ಲ, ಅದು 2025ರ ಏಪ್ರಿಲ್‌ನಿಂದ ಗಂಟೆಗೆ 23.50 ಡಾಲರ್ ಇತ್ತು. ಅಂದರೆ ಈ ಪ್ರವಾಸದ ಖರ್ಚು ಒಂದು ದಿನದ ದುಡಿಮೆ.

ಸಂಜೆಯ ಬಸ್ಸಿನಲ್ಲಿ ಕ್ರಾಮ್‌ವೆಲ್‌ಗೆ ಮರಳಿದೆವು. ಇಳಿಯುವ ಹೊತ್ತಿಗೆ ತೋಟದ ಮೇಸ್ತ್ರಿಯ ಮೆಸೇಜ್ ಬಂದಿತ್ತು: ಬೆಳಗ್ಗೆ ಆರಕ್ಕೆ ಗೇಟಿನ ಹತ್ತಿರ ಇರಿ, ಟೋಪಿ ತನ್ನಿ, ಕುಡಿಯುವ ನೀರು ಜಾಸ್ತಿ ತನ್ನಿ.